ತೂತಿಲ್ಲದ ಅಚ್ಚು

ಮಾತೆಯ ಇಗರ್ಜಿಗೆ ಮೊದಲ ಸಲ ಕಾಲಿಟ್ಟವರು ಪೀಠದ ಕಡೆ ನೋಡುವುದಕ್ಕೆ ಮುಂಚೆ ತಲೆಯೆತ್ತಿ ಮೇಲೆ ನೋಡುತ್ತಿದ್ದರು. ನೋಡಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ತೊಲೆಗಳಿಗೆ ಹಗ್ಗ ಬಿಗಿದು ಇಳಿಬಿಟ್ಟ ಆಳೆತ್ತರದ ಮೇಣದ ಗೊಂಬೆಗಳು ಅಲ್ಲಿ ಒತ್ತೊತ್ತಾಗಿ ತೂಗುತ್ತಿದ್ದವು. ಕಾಯಿಲೆಯಿಂದ ಎದ್ದವರು, ಯುದ್ಧದಿಂದ ಬದುಕಿ ಬಂದವರು, ಹೆರಿಗೆಯಲ್ಲಿ ಜೀವ ಉಳಿಸಿಕೊಂಡವರು, ಎಲ್ಲರೂ ಹರಕೆ ತೀರಿಸಲು ತಮ್ಮದೇ ಅಳತೆಯ ಗೊಂಬೆ ಮಾಡಿಸಿ, ತಮ್ಮದೇ ಬಟ್ಟೆ ತೊಡಿಸಿ ಮಾತೆಗೆ ಒಪ್ಪಿಸುತ್ತಿದ್ದರು. ಮುಖವೂ ಅವರದೇ ಆಗಬೇಕು. ಬದುಕಿರುವ ಮುಖಕ್ಕೆ ಗಾರೆ ಮೆತ್ತಿ ಅಚ್ಚು ತೆಗೆದು, ಅದರಲ್ಲಿ ಮೇಣ ಹೊಯ್ದು, ಬಣ್ಣ ಕೊಟ್ಟು, ಕೂದಲು ನೆಟ್ಟದ್ದು. ಬಾಗಿಲಿಂದ ಗಾಳಿ ನುಗ್ಗಿದಾಗ ಗೊಂಬೆಗಳು ಅಷ್ಟಿಷ್ಟು ತಿರುಗಿ, ಕೆಳಗೆ ಮೊಣಕಾಲೂರಿದ ತಮ್ಮ ಒಡೆಯರನ್ನೇ ನೋಡುತ್ತಿದ್ದವು.

ಗೊಂಬೆ ಬಿದ್ದರೆ ಗೊಂಬೆಯವನೂ ಉಳಿಯುವುದಿಲ್ಲ ಎಂದು ಫ್ಲಾರೆನ್ಸಿನವರು ನಂಬಿದ್ದರು. ಹಾಗಾಗಿ ಹಗ್ಗಗಳನ್ನು ನೋಡಿಕೊಳ್ಳುವ ಮೇಯಾಳನ್ನು ಕಂಡರೆ ರೇಷ್ಮೆ ವ್ಯಾಪಾರಿಗಳು ಕೂಡ ಟೋಪಿ ತೆಗೆದು ನಗುತ್ತಿದ್ದರು. ಐವತ್ತು ದಾಟಿದ ಮೇಯಾ ಈ ಮರ್ಯಾದೆಗೆ ಹಿಗ್ಗುವವಳಲ್ಲ. ಗೊಂಬೆ ಮಾಡುತ್ತಿದ್ದ ಗಂಡ ಮಾಸೊ ಸತ್ತ ಮೇಲೆ ಇಗರ್ಜಿಯ ಹಿಂದೆ, ಮನೆಯಲ್ಲೇ ಇದ್ದ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಏಣಿ ಹತ್ತಿ ಹಗ್ಗ ಬಿಗಿಯುವುದು, ಬಿರಿದ ಕೆನ್ನೆಗೆ ಮೇಣ ತುಂಬುವುದು, ನುಸಿ ಹಿಡಿದ ಬಟ್ಟೆ ಕೊಡವುವುದು ಅವಳ ದಿನದ ಕೆಲಸ. ಬೇರೆಯವರು ಆ ಗೊಂಬೆಗಳ ಕೆಳಗೆ ಒಬ್ಬರೇ ನಿಲ್ಲಲು ಹೆದರಿದರೆ, ಮೇಯಾ ಅವುಗಳನ್ನು ಮಕ್ಕಳಂತೆ ಗದರುತ್ತ ಮೂಗು ಒರೆಸುತ್ತಿದ್ದಳು.

ಅಲ್ಲಿ ಅವಳದ್ದೇ ಎನ್ನುವ ಗೊಂಬೆ ಒಂದಿತ್ತು. ಅವಳ ಒಬ್ಬನೇ ಮಗ ಬಾಲ್ದೊ ಹದಿನೈದರ ಹುಡುಗನಾಗಿದ್ದಾಗ ಕುದುರೆಯಿಂದ ಒದೆಸಿಕೊಂಡು ಸಾಯುವ ಹಾಗಾಗಿದ್ದ. ಮೇಯಾ ಹರಕೆ ಹೊತ್ತಳು, ಹುಡುಗ ಎದ್ದು ಕೂತ. ಮಾಸೊ ಮಗನ ಮುಖದ ಅಚ್ಚು ತೆಗೆದು ಗೊಂಬೆ ಮಾಡಿ, ಅವನ ಕೆಂಪು ಅಂಗಿಯನ್ನೇ ಅದಕ್ಕೆ ತೊಡಿಸಿದ. ಬಾಲ್ದೊನ ಎಡಗೈಯ ಒಂದು ಬೆರಳು ಲಗಾಮಿಗೆ ಸಿಕ್ಕಿ ಅರ್ಧ ಹೋಗಿತ್ತು. ಗೊಂಬೆಯ ಬೆರಳನ್ನೂ ಅಷ್ಟೇ ಕತ್ತರಿಸಿದ್ದ. ಇಷ್ಟಾದರೂ ಆ ಹುಡುಗ ಬುದ್ಧಿ ಕಲಿಯದೆ ಕುದುರೆಗಳ ಹಿಂದೆಯೇ ಹೋಗಿ, ಪಾತ್ಸಿ ಮನೆತನದ ಲಾಯದಲ್ಲಿ ಕೆಲಸಕ್ಕೆ ಸೇರಿಕೊಂಡ.

ಬೀದಿಯ ಮೂಲೆಯಲ್ಲಿ ಹಸುವಿನ ಕರುಳಿನ ಸಾರು ಮಾರುತ್ತಿದ್ದ ತೆಸ್ಸಾ ಮೇಯಾಳ ಹಳೆಯ ಗೆಳತಿ. ಅವಳ ಬಾಯಿಗೆ ಬಾಲ್ದೊನ ಮುಖ ಒಂದು ಖಾಯಂ ತಮಾಷೆ.

"ಹೊತ್ತು ಹೆತ್ತೋಳು ನೀನು. ಅವನ ಮುಖದಲ್ಲಿ ನಿಂದು ಅಂತ ಒಂದು ಹುಬ್ಬಿನ ಕೂದಲಾದ್ರೂ ಇದೆಯೇನೆ? ಪೂರಾ ಅವರಪ್ಪನ ಪಡಿಯಚ್ಚು. ನೀನು ಬರೀ ಒಲೆ ಕಾಯ್ದೆ ಅಷ್ಟೇ."

ಮೇಯಾ ನಗುತ್ತಿದ್ದಳು. ಒಳಗೊಳಗೆ ಸ್ವಲ್ಪ ನೋಯುತ್ತಲೂ ಇತ್ತು.

ಸಾವಿರದ ನಾನೂರ ಎಪ್ಪತ್ತೆಂಟರ ಆ ಏಪ್ರಿಲ್ ಭಾನುವಾರ ಏನಾಯಿತೆಂದು ಊರಿನ ಕಲ್ಲುಗಳಿಗೂ ಗೊತ್ತು. ದೊಡ್ಡ ಇಗರ್ಜಿಯಲ್ಲಿ, ಪೂಜೆಯ ನಡುವೆ, ಪಾತ್ಸಿ ಕಡೆಯವರು ಕತ್ತಿ ಹಿರಿದರು. ಊರನ್ನು ಆಳುತ್ತಿದ್ದ ಮೆದಿಚಿ ಮನೆಯ ತಮ್ಮ ಅಲ್ಲೇ ಸತ್ತ, ಅಣ್ಣ ಕತ್ತಿನ ಗಾಯದೊಂದಿಗೆ ಉಳಿದುಕೊಂಡ. ಅವತ್ತೇ, ಸಂಚಿನಲ್ಲಿ ಸೇರಿದ್ದ ಪೀಸಾದ ಆರ್ಚ್‌ಬಿಷಪ್ಪನನ್ನು ನಿಲುವಂಗಿಯ ಸಮೇತ ಅರಮನೆಯ ಕಿಟಕಿಯಿಂದ ನೇತುಹಾಕಿದರು. ಆಮೇಲೆ ಪಾತ್ಸಿಗಳ ಉಪ್ಪು ತಿಂದವರನ್ನೆಲ್ಲ ಹುಡುಕಿ ಹುಡುಕಿ ಕೊಂದರು. ಅಡುಗೆಯವನೋ, ಲಾಯದವನೋ, ಯಾರೂ ವಿಚಾರಿಸಲಿಲ್ಲ. ಆ ಬೆಳಿಗ್ಗೆ ಯಜಮಾನ ಹೇಳಿದನೆಂದು ಕುದುರೆಗಳಿಗೆ ಜೀನು ಬಿಗಿದು ನಿಲ್ಲಿಸಿದ್ದಷ್ಟೇ ಬಾಲ್ದೊನ ಪಾಪ. ಸಂಜೆಯ ಹೊತ್ತಿಗೆ ಅವನು ಊರಲ್ಲಿರಲಿಲ್ಲ, ಸತ್ತವರ ರಾಶಿಯಲ್ಲೂ ಇರಲಿಲ್ಲ.

ಮೇಯಾ ಅಳುತ್ತ ಕೂರಲಿಲ್ಲ. ದಿನವೂ ಇಗರ್ಜಿಗೆ ಹೋಗಿ ಕೆಂಪಂಗಿಯ ಗೊಂಬೆಯನ್ನು ನೋಡಿ ಬರುತ್ತಿದ್ದಳು. ಹಗ್ಗ ಗಟ್ಟಿ, ಕೆನ್ನೆಯ ಬಣ್ಣ ಹಾಗೇ ಇದೆ ಅಂದರೆ ಮಗ ಎಲ್ಲೋ ಬದುಕಿದ್ದಾನೆ. ಅವಳಿಗೆ ಅಷ್ಟು ಸಾಕಿತ್ತು.

ಆಮೇಲೆ ಮಳೆ ಹಿಡಿಯಿತು. ಹಗಲೂ ಕತ್ತಲೆ, ಮಾಡು ಸೋರಿ ಅಂಗಡಿಯ ಅಚ್ಚುಗಳನ್ನೆಲ್ಲ ಒಂದು ಹಲಗೆಯಿಂದ ಇನ್ನೊಂದಕ್ಕೆ ಎತ್ತಿಡಬೇಕಾಯಿತು. ಅಂಥ ಒಂದು ಬೆಳಿಗ್ಗೆ, ಇಗರ್ಜಿಯ ಉಸ್ತುವಾರಿ ನೋಡುತ್ತಿದ್ದ ಸನ್ಯಾಸಿ ಫ್ರಾ ಅಮಿದೇಯೊ ನೆನೆದುಕೊಂಡು ಅಂಗಡಿಗೆ ಬಂದ.

"ನಾಳೆ ಬೆಳಿಗ್ಗೆ ಕಾವಲಿನೋರು ಬರ್ತಾರೆ, ಮೇಯಾ. ಪಾತ್ಸಿ ಮನೆಯೋರ ಗೊಂಬೆ, ಅವರ ಆಳುಗಳ ಗೊಂಬೆ, ಎಲ್ಲಾ ಇಳಿಸಿ ಕರಗಿಸ್ಬೇಕಂತೆ."

"ಬಾಲ್ದೊಂದೂ?"

"ಹೆಸರು ಹಿಡಿದೇ ಕೇಳಿದ್ರು."

"ನೀವೇನಂದ್ರಿ, ಸ್ವಾಮಿ?"

"ನಾನು ಸುಳ್ಳು ಹೇಳೋನಲ್ಲ. ಬಾಲ್ದೊ ಯಾವನು ಅಂದ್ರೆ ಬಾಲ್ದೊ ಮುಖ ಇರೋನನ್ನೇ ತೋರಿಸ್ತೀನಿ." ಸನ್ಯಾಸಿ ಮೂಗು ಒರೆಸಿಕೊಂಡು ಬಾಗಿಲ ಕಡೆ ತಿರುಗಿದ. "ಆ ಮುಖನೇ ಅಲ್ಲಿಲ್ಲ ಅಂದ್ರೆ ಎಲ್ಲಿಂದ ತೋರಿಸ್ಲಿ, ಹೇಳು. ಸಾಯಂಕಾಲದವರೆಗೆ ಇಗರ್ಜಿ ಖಾಲಿ. ಈ ಮಳೇಲಿ ಯಾರು ಬರ್ತಾರೆ."

ಮಗನ ಗೊಂಬೆ ಕರಗಿದರೆ ಮಗ ಉಳಿಯುವುದಿಲ್ಲ. ಮೇಯಾಳಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಲಗೆಯ ಮೇಲಿಂದ ಕೈಗೆ ಸಿಕ್ಕ ಅಚ್ಚೊಂದನ್ನು ಎತ್ತಿಕೊಂಡಳು. ಯಾರೋ ಗಂಡಸಿನದು, ಊರಲ್ಲಿ ಕಂಡ ಮುಖವಲ್ಲ, ಒಳ್ಳೆಯದೇ ಆಯಿತು. ಬಾಣಲೆಗೆ ಮೇಣ ಹಾಕಿ ಕಾಯಿಸಿದಳು.

ಈ ಕಸುಬಿನಲ್ಲಿ ಒಂದು ಕ್ರಮವಿದೆ. ಮುಖಕ್ಕೆ ಗಾರೆ ಮೆತ್ತುವಾಗ ಉಸಿರಾಟಕ್ಕೆಂದು ಮೂಗಿಗೆ ಎರಡು ಹುಲ್ಲುಕಡ್ಡಿ ಇಡುತ್ತಾರೆ. ಗಾರೆ ಒಣಗಿದ ಮೇಲೆ ಅಚ್ಚಿನ ಮೂಗಿನ ಜಾಗದಲ್ಲಿ ಎರಡು ಸಣ್ಣ ತೂತು ಉಳಿಯುತ್ತವೆ. ಮೇಣ ಹೊಯ್ಯುವ ಮುಂಚೆ ಅವನ್ನು ಜೇಡಿಮಣ್ಣಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಸೋರುತ್ತದೆ. ಅವತ್ತಿನ ಅವಸರದಲ್ಲಿ ಮೇಯಾ ಮಣ್ಣು ಮೆತ್ತುವುದನ್ನೇ ಮರೆತಳು. ಮೇಣ ಹೊಯ್ದ ಮೇಲೆ ನೆನಪಾಗಿ ಅಚ್ಚಿನ ಕೆಳಗೆ ಕೈಯಿಟ್ಟು ನೋಡಿದಳು. ಆದರೆ ಒಂದು ಹನಿಯೂ ಸೋರಲಿಲ್ಲ. ಹಿಂದೆ ಯಾವಾಗಲೋ ಮುಚ್ಚಿದ್ದು ಹಾಗೇ ಇರಬೇಕು, ಸದ್ಯ ಬದುಕಿದೆ ಅಂದುಕೊಂಡಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಏಣಿ ಹತ್ತಿ, ಕಾಸಿದ ಚಾಕುವಿನಿಂದ ಮಗನ ಮುಖವನ್ನು ಗೊಂಬೆಯಿಂದ ಬಿಡಿಸಿದಳು. ಅದನ್ನು ಕರಗಿಸಲು ಕೈಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮನೆಯ ಹಿಟ್ಟಿನ ಪೆಟ್ಟಿಗೆಯ ತಳಕ್ಕೆ ಹುಗಿದಿಟ್ಟಳು. ಹೊಸ ಮುಖವನ್ನು ಬೆಸೆದು, ಕೆಂಪಂಗಿಯನ್ನು ತಿರುಗಿಸಿ ಅದರ ಬೂದು ಬಣ್ಣದ ಒಳಮೈ ಹೊರಗೆ ಬರುವಂತೆ ತೊಡಿಸಿ, ಕೆಳಗಿಳಿದಳು. ಮೇಲೆ ತೂಗುತ್ತಿದ್ದವನು ಯಾರೋ ಪರವೂರಿನ ವ್ಯಾಪಾರಿಯಂತೆ ಕಾಣುತ್ತಿದ್ದ.

ಮರುದಿನ ಕಾವಲಿನವರು ಬಂದು ಐದಾರು ಗೊಂಬೆಗಳನ್ನು ಇಳಿಸಿ, ಕೈಕಾಲು ಮುರಿದು ಗಾಡಿಗೆ ತುಂಬಿದರು. ಅವರಲ್ಲೊಬ್ಬ ಬೂದಂಗಿಯವನ ಕೆಳಗೆ ನಿಂತು, "ಇವನ್ಯಾರು?" ಎಂದ.

"ಗೊತ್ತಿಲ್ಲಪ್ಪ," ಎಂದ ಫ್ರಾ ಅಮಿದೇಯೊ. ಅವನ ಮಟ್ಟಿಗೆ ಅದು ನಿಜವೇ.

"ನಿದ್ದೆ ತಡೆಯೋಕಾಗ್ತಿಲ್ಲ ಅನ್ಸುತ್ತೆ, ಪಾಪ," ಎಂದು ನಕ್ಕು ಅವನು ಮುಂದೆ ಹೋದ. ಕಂಬದ ಹಿಂದೆ ನಿಂತಿದ್ದ ಮೇಯಾ ಬಾಯಿಗೆ ಕೈ ಒತ್ತಿಕೊಂಡು ಮಾತೆಗೆ ಇನ್ನೊಂದು ಹರಕೆ ಹೊತ್ತಳು.

ಮಳೆ ಮಾತ್ರ ನಿಲ್ಲಲಿಲ್ಲ. ನೇಣು ಹಾಕಿದ ಪಾತ್ಸಿ ಮುದುಕನನ್ನು ಪವಿತ್ರ ನೆಲದಲ್ಲಿ ಹೂಳಿದ್ದಕ್ಕೇ ಹೀಗಾಗಿದೆ ಎಂದು ಜನ ಅವನನ್ನು ಅಗೆದು ತೆಗೆದು ಊರಗೋಡೆಯ ಬದಿಗೆ ಹೂತರು. ಅಲ್ಲಿಂದ ಪುಂಡು ಹುಡುಗರು ಮತ್ತೆ ಅಗೆದು, ಹಗ್ಗ ಕಟ್ಟಿ ಬೀದಿಬೀದಿ ಎಳೆದರು. ಅವನದೇ ಮನೆ ಬಾಗಿಲಿಗೆ ಅವನ ತಲೆಯಿಂದಲೇ ಬಡಿದು, "ಬಾಗಿಲು ತೆಗೀರಿ, ಯಜಮಾನ್ರು ಬಂದಿದ್ದಾರೆ," ಎಂದು ಕೂಗಿ, ಕೊನೆಗೆ ಹೊಳೆಗೆಸೆದರು. ಮಳೆ ನಿಲ್ಲಲೆಂದು ಹೆಣ ಅಗೆದ ಊರಿನವರು ಮೇಯಾಳ ನಂಬಿಕೆಯನ್ನು ಕಂಡು ನಗುವ ಹಾಗಿರಲಿಲ್ಲ.

ಆರ್ಚ್‌ಬಿಷಪ್ಪನನ್ನು ಕೊಂದದ್ದಕ್ಕೆ ಬೇಸಿಗೆಯಲ್ಲಿ ಪೋಪ್ ಊರಿಗೇ ಬಹಿಷ್ಕಾರ ಹಾಕಿದ, ನೇಪಲ್ಸಿನ ದಂಡು ಗಡಿ ದಾಟಿತು, ಅದರ ಬೆನ್ನಿಗೇ ಪ್ಲೇಗು ಬಂತು. ನೇಣಿಗೇರಿದವರ ಚಿತ್ರಗಳನ್ನು ಸರ್ಕಾರದವರು ಗೋಡೆಯ ಮೇಲೆ ಬರೆಸಿದರು. ಮೇಯಾ ಆ ದಾರಿ ಬಿಟ್ಟು ಸುತ್ತಿ ಬಳಸಿ ಓಡಾಡುತ್ತಿದ್ದಳು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಒಂದು ಮಧ್ಯಾಹ್ನ, ಮೇಯಾ ಬಣ್ಣ ಅರೆಯುತ್ತ ಕೂತಿದ್ದಾಗ ಬಾಗಿಲಲ್ಲಿ ಯಾರೋ ಬಂದು ನಿಂತರು.

"ಏನು ಬೇಕಿತ್ತಪ್ಪ?" ಎಂದು ತಲೆಯೆತ್ತಿದವಳ ಕೈ ಅಲ್ಲೇ ನಿಂತಿತು. ಆ ಮುಖದ ಗುರುತು ಅವಳಿಗಿತ್ತು. ಕೆನ್ನೆಗೆ ಬಣ್ಣ ಹಚ್ಚಿದ್ದು ಅವಳೇ, ಹುಬ್ಬಿನ ಕೂದಲು ಒಂದೊಂದಾಗಿ ನೆಟ್ಟದ್ದೂ ಅವಳೇ. ಎಡ ರೆಪ್ಪೆಯನ್ನು ಕೊರೆಯುವಾಗ ಚಾಕು ಜಾರಿ ಬಿದ್ದ ಗೀರು ಕೂಡ ಇದ್ದ ಕಡೆಯೇ ಇತ್ತು.

"ಏನು ಬೇಕಿತ್ತಾ? ರೊಟ್ಟಿ ಬೇಕಿತ್ತು, ಅಮ್ಮ," ಎಂದು ಆ ಮುಖ ನಕ್ಕಿತು. ಧ್ವನಿ ಬಾಲ್ದೊನದು. ಚಾಚಿದ ಎಡಗೈಯಲ್ಲಿ ಅರ್ಧ ಬೆರಳಿರಲಿಲ್ಲ.

ಮೇಯಾ ಎದ್ದು ಬಾಗಿಲು ಹಾಕಿ, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೈ ತಣ್ಣಗಿತ್ತು. ನಡೆದು ಬಂದವನ ಕೈ ಹೀಗೇಕೆ ಎಂದು ಆಗ ಅವಳಿಗೆ ಅನಿಸಲಿಲ್ಲ. ಮಗ ಬಂದಿದ್ದ. ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಬಾಲ್ದೊ ಕಥೆ ಹೇಳಿದ. ಬೆಟ್ಟದ ಕಾಡಿನಲ್ಲಿ ಇದ್ದಿಲು ಸುಡುವವನೊಬ್ಬ ಅವನನ್ನು ಬಚ್ಚಿಟ್ಟುಕೊಂಡಿದ್ದನಂತೆ. "ಆ ಮಳೆ ದಿನಗಳಲ್ಲಿ ಒಂದು ಬೆಳಿಗ್ಗೆ ಎದ್ರೆ ಕೊಡಲಿ ಎತ್ಕೊಂಡು ನಿಂತಿದ್ದಾನಮ್ಮ. 'ಯಾರೋ ನೀನು, ಬಾಲ್ದೊನ ಏನು ಮಾಡ್ದೆ' ಅಂತ. ಅವತ್ತಿಂದ ನನ್ನ ಯಾರೂ ಗುರುತು ಹಿಡಿದಿಲ್ಲ. ಇವತ್ತು ಊರಬಾಗಿಲಲ್ಲಿ ಕಾವಲಿಗೆ ನಿಂತಿದ್ದೋನು ನನ್ನ ಜೊತೆ ಕುಡಿದೋನೇ. ಯಾವೂರು ಅಂತ ಕೇಳಿ ಒಳಗೆ ಬಿಟ್ಟ. ಗಡ್ಡನೂ ಬೆಳೀತಿಲ್ಲ ನೋಡು, ಕ್ಷೌರದೋನ ಕಾಟ ತಪ್ತು."

ತೆಸ್ಸಾ ಸಂಜೆ ಬಂದಾಗ ಮೇಯಾ, ಪ್ರಾತೊ ಊರಿಂದ ಬಂದ ಅಣ್ಣನ ಮಗ ಎಂದು ಹೇಳಿದಳು. ತೆಸ್ಸಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಪ್ಪತ್ತು ವರ್ಷ ತಾನೇ ಸಾರು ಕುಡಿಸಿ ಬೆಳೆಸಿದ ಹುಡುಗ ಅವಳ ಮುಂದೆಯೇ ಕೂತಿದ್ದ.

"ನಿಮ್ಮ ಮನೆಯೋರು ಯಾರೂ ನಿನ್ನನ್ನ ಹೋಲೋದೇ ಇಲ್ಲವಲ್ಲೇ, ಮಾರಾಯ್ತಿ. ಗಂಟಲು ಮಾತ್ರ ನಮ್ಮ ಬಾಲ್ದೊಂದೇ." ಎಂದವಳೇ ಕಣ್ಣೊರೆಸಿಕೊಂಡು, ಸಾರಿನ ಬಟ್ಟಲು ಇಟ್ಟು ಹೋದಳು.

ಮೇಯಾಳಿಗೆ ಆ ರಾತ್ರಿ ನೆಮ್ಮದಿಯ ನಿದ್ದೆ ಬಂತು. ತಾನು ಮಾಡಿದ ಕೆಲಸ ಫಲಿಸಿದೆ, ಊರಿಗೆ ಊರೇ ಹುಡುಕಿದರೂ ಮಗ ಇನ್ನು ಯಾರ ಕೈಗೂ ಸಿಗುವುದಿಲ್ಲ ಎಂದು ಮಾತೆಗೆ ಕೈಮುಗಿದಳು.

ನೆಮ್ಮದಿ ಹೆಚ್ಚು ದಿನ ಇರಲಿಲ್ಲ. ತೆಸ್ಸಾಳ ಸಾರನ್ನು ಬಾಲ್ದೊ ಒಂದು ಚಮಚ ಕುಡಿದು ಕೆಳಗಿಟ್ಟ. "ವಾಸನೆನೇ ಬರ್ತಿಲ್ಲ," ಎಂದ. ಮೇಣ ಕರಗಿದರೂ, ಹಾಲು ಸೀದು ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ. ದೀಪದ ಹತ್ತಿರ ಮುಖ ತಂದು ಅವನು ಹೊಲಿಗೆ ಹಾಕುತ್ತಿದ್ದರೆ ಕುಡಿ ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ಮಾತಾಡುವಾಗ ಮಾತ್ರ ಬಾಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಸುಮ್ಮನೆ ಕೂತರೆ ಎದೆ ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಮೇಯಾ ಇದನ್ನೆಲ್ಲ ನೋಡಿಯೂ ನೋಡದ ಹಾಗೆ ಇದ್ದಳು.

ಒಂದು ಬೆಳಿಗ್ಗೆ ಅವನು ಕುದುರೆ ಸಂತೆಗೆ ಹೋದವನು ಬೇಗ ವಾಪಸಾಗಿ ಹೊಸ್ತಿಲ ಮೇಲೆ ಕೂತುಬಿಟ್ಟ.

"ಏನಾಯ್ತೋ?"

"ಪಾತ್ಸಿ ಲಾಯದ ಕುದುರೆಗಳನ್ನ ಮಾರ್ತಿದ್ರು. ಆ ಬಿಳಿ ಕಾಲಿನ ಹೆಣ್ಣುಕುದುರೆ ಇತ್ತಲ್ಲ, ಮರಿಯಿದ್ದಾಗಿಂದ ನಾನೇ ಸಾಕಿದ್ದು. ಹತ್ರ ಹೋಗಿ ಕತ್ತು ಸವರಿದೆ." ಬಾಲ್ದೊ ತನ್ನ ಕೈಯನ್ನೇ ನೋಡಿಕೊಂಡ. "ಸತ್ತಿರೋ ಪ್ರಾಣಿ ಕಂಡಾಗ ಕುದುರೆ ಹೇಗೆ ಮಾಡುತ್ತೆ ಗೊತ್ತಾ, ಅಮ್ಮ? ಹಾಗೇ ಮಾಡ್ತು. ಹಗ್ಗ ಕಿತ್ಕೊಂಡು ಓಡ್ತು."

ಮೇಯಾ ಒಳಗೆ ಹೋದಳು. ಅವತ್ತು ಬಳಸಿದ ಅಚ್ಚನ್ನು ಹಲಗೆಯಿಂದ ಇಳಿಸಿ, ಮಡಿಲಲ್ಲಿಟ್ಟುಕೊಂಡು, ಮೂಗಿನ ಜಾಗಕ್ಕೆ ಬೆರಳಿಟ್ಟಳು. ಮಣ್ಣು ಮುಚ್ಚಿದ ಗುರುತಿಲ್ಲ. ತೂತೇ ಇರಲಿಲ್ಲ. ಗಾರೆ ನುಣ್ಣಗಿತ್ತು.

ಉಸಿರಾಡದವರ ಮೂಗಿಗೆ ಕಡ್ಡಿ ಇಡುವ ಅಗತ್ಯವಿಲ್ಲ.

ಆಗ ಅವಳಿಗೆ ನೆನಪಾಯಿತು. ಬಹಳ ವರ್ಷಗಳ ಹಿಂದೆ ಹೊಳೆಯಲ್ಲಿ ಒಬ್ಬ ತೇಲಿ ಬಂದಿದ್ದ. ಯಾರೆಂದು ತಿಳಿಯದೆ, ಹೂಳುವ ಮುಂಚೆ ಮಾಸೊನನ್ನು ಕರೆಸಿ ಮುಖದ ಅಚ್ಚು ತೆಗೆಸಿದ್ದರು. ಕೇಳಿಕೊಂಡು ಯಾರೂ ಬರಲಿಲ್ಲ. ಸತ್ತವರ ಅಚ್ಚುಗಳನ್ನು ಮಾಸೊ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ಗೋಣಿಯ ಮರೆಯಲ್ಲಿಡುತ್ತಿದ್ದ. ಮಾಡು ಸೋರಿದಾಗ ಎಲ್ಲವನ್ನೂ ಎತ್ತಿ ಬೆರೆಸಿದ್ದು ಅವಳೇ. ಭೂಮಿಯ ಮೇಲೆ ಯಾರೂ ಗುರುತು ಹಿಡಿಯದ ಹೆಣದ ಮುಖವನ್ನು ಅವಳು ಮಗನಿಗೆ ಹಾಕಿದ್ದಳು.

ಇಗರ್ಜಿಗೆ ಓಡಿದಳು. ಬೂದಂಗಿಯ ಗೊಂಬೆಯ ಕಣ್ಣುಗಳನ್ನು ಅವಳು ಅಗಲವಾಗಿ ಬಿಡಿಸಿದ್ದಳು. ಈಗ ರೆಪ್ಪೆಗಳು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಬೇಸಿಗೆಯ ಸೆಕೆಗೆ ಮೇಣ ಇಳಿದಿರಬಹುದು ಎಂದು ಬೇರೆ ಯಾವ ಗೊಂಬೆಯಾಗಿದ್ದರೂ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಅಕ್ಕಪಕ್ಕದ ಗೊಂಬೆಗಳೆಲ್ಲ ಕಣ್ಣು ತೆರೆದೇ ಇದ್ದವು. ಅವಳು ಮನೆಗೆ ಬಂದಾಗ ಬಾಲ್ದೊ ಗೋಡೆಗೊರಗಿ ಕೂತಿದ್ದ. ಅವನ ರೆಪ್ಪೆಗಳೂ ಅಷ್ಟೇ ಇಳಿದಿದ್ದವು.

"ಬಾಲ್ದೊ, ನಿಂಗೊಂದು ವಿಷಯ ಹೇಳ್ಬೇಕು ಕಣೋ."

"ಈ ಮುಖದ ವಿಷಯ ತಾನೆ? ಗೊತ್ತಮ್ಮ. ಕಾಡಲ್ಲಿ ನೀರು ಕುಡಿಯೋಕೆ ಬಗ್ಗಿದಾಗ್ಲೇ ನೋಡ್ದೆ." ಅವನು ಕಷ್ಟಪಟ್ಟು ಕಣ್ಣು ತೆರೆದ. "ಯಾರ ಕೆಲಸ ಅಂತನೂ ಗೊತ್ತಾಯ್ತು. ಹುಬ್ಬಿನ ಕೂದಲನ್ನ ಹೀಗೆ ಓರೆಯಾಗಿ ನೆಡೋಳು ಈ ಊರಲ್ಲಿ ನೀನೊಬ್ಳೇ. ನೀನಾಗಿ ಹೇಳ್ಲಿ ಅಂತ ಸುಮ್ನಿದ್ದೆ."

ಮೇಯಾ ಅವನ ಪಕ್ಕದಲ್ಲಿ ನೆಲಕ್ಕೆ ಕುಸಿದಳು. ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವನ ರೆಪ್ಪೆ ಮತ್ತೆ ಜಾರಿತ್ತು.

"ನನ್ನ ಹಳೇ ಮುಖ?"

"ಹಿಟ್ಟಿನ ಪೆಟ್ಟಿಗೇಲಿದೆ."

"ಅದನ್ನೇ ಹಾಕಿಬಿಡು."

"ಹಾಕಿದ್ರೆ ಉಸಿರು ಬರುತ್ತೆ, ಹಿಂದೇನೇ ಕಾವಲಿನೋರೂ ಬರ್ತಾರೆ. ಈ ಊರಲ್ಲಿ ಆ ಮುಖ ಗೊತ್ತಿಲ್ದೋರು ಯಾರು?"

"ಉಸಿರಾಡ್ಕೊಂಡು ನೇಣಿಗೆ ಹೋಗ್ತೀನಮ್ಮ. ಹೀಗಿರೋದು ನನ್ನ ಕೈಲಾಗಲ್ಲ. ಕುದುರೆ ಕೂಡ..."

"ನೇಣಿಗೆ ಕೊಡೋಕೆ ನಿನ್ನ ಹೆತ್ತಿಲ್ಲ ನಾನು. ಸುಮ್ನಿರು."

ಅವಳು ಎದ್ದು ಹಲಗೆಗಳ ಮುಂದೆ ನಿಂತಳು. ತೂತಿರುವ ಅಚ್ಚುಗಳು, ಬದುಕಿರುವವರ ಮುಖಗಳು, ಬೇಕಾದಷ್ಟಿದ್ದವು. ಬ್ರೆಡ್ಡು ಸುಡುವವನು, ಚರ್ಮದ ವ್ಯಾಪಾರಿ, ಮೂರು ಮಕ್ಕಳ ತಂದೆಯಾದ ನೆರೆಯವನು. ಕೈ ಚಾಚಿದವಳು ಹಿಂದೆಗೆದುಕೊಂಡಳು. ಮುಳುಗಿ ಸತ್ತವನಿಗೆ ತನ್ನ ಮುಖದಿಂದ ಇನ್ನೇನೂ ಆಗಬೇಕಿರಲಿಲ್ಲ. ಇವರಿಗೆ ಹಾಗಲ್ಲ. ಮುಖ ಒಬ್ಬರಿಗೆ ಹೋದರೆ ಇನ್ನೊಬ್ಬರಿಗೆ ಏನು ಉಳಿಯುತ್ತದೆ? ಯಾರದೋ ಮಕ್ಕಳು ನಾಳೆ ಬೆಳಿಗ್ಗೆ ಅಪ್ಪನನ್ನು ನೋಡಿ ಕಿರುಚಿಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು. ಬಹಳ ಹೊತ್ತು ನಿಂತಿದ್ದು, ಕೊನೆಗೆ ಗಾರೆಯ ಪಾತ್ರೆ ಇಳಿಸಿದಳು.

"ಬಾ ಇಲ್ಲಿ. ನಿಮ್ಮಪ್ಪ ಹೇಳಿಕೊಟ್ಟಿದ್ದು ಒಂದಿಷ್ಟಾದ್ರೂ ನೆನಪಿದೆಯೋ, ಎಲ್ಲಾ ಕುದುರೆ ಮೇಯ್ತೋ?"

"ಯಾರ ಮುಖ ಅಮ್ಮ?"

"ನಂದು. ಇನ್ಯಾರ್ದು."

"ಆಮೇಲೆ ನಿಂಗೆ?"

"ನಂಗೇನು. ಎರಡು ಬೀದಿ ದಾಟಿದ್ರೆ ನನ್ನ ಮುಖ ಕೇಳೋರಿಲ್ಲ. ಬೇಗ ಕಲಸು, ಗಾರೆ ಗಟ್ಟಿಯಾಗುತ್ತೆ."

ಮೇಯಾ ಬೆಂಚಿನ ಮೇಲೆ ಮಲಗಿದಳು. ಮಗ ಅವಳ ಹುಬ್ಬಿಗೆ ಎಣ್ಣೆ ಸವರಿ, ಮೂಗಿಗೆ ಎರಡು ಹುಲ್ಲುಕಡ್ಡಿ ಇಟ್ಟ. ಅವನ ಬೆರಳುಗಳ ತಣ್ಪು ಎಲುಬಿಗೆ ಇಳಿಯುತ್ತಿತ್ತು. ಗಾರೆ ಗಲ್ಲದಿಂದ ಮೇಲೆ ಬಂದು ತುಟಿ ಮುಚ್ಚಿತು, ಕಣ್ಣು ಮುಚ್ಚಿತು. ಕತ್ತಲೆಯಲ್ಲಿ ಕಡ್ಡಿಗಳ ಮೂಲಕ ತನ್ನ ಉಸಿರು ಸಣ್ಣಗೆ ಸಿಳ್ಳೆ ಹಾಕುವುದು ಕೇಳುತ್ತಿತ್ತು. ಪಕ್ಕದಲ್ಲೇ ಮಗ ನಿಂತಿದ್ದ. ಅವನ ಕಡೆಯಿಂದ ಉಸಿರಿನ ಸದ್ದೇ ಇಲ್ಲ. ಅವಳಿಗೆ ಹೆದರಿಕೆಯಾಯಿತು, ತನಗಾಗಿ ಅಲ್ಲ.

ಈ ಸಲ ಮರೆಯದೆ ತೂತುಗಳಿಗೆ ಮಣ್ಣು ಮೆತ್ತಿದಳು. ಮೇಣ ಹೊಯ್ದು, ಆರಿದ ಮೇಲೆ ಕಾಸಿದ ಚಾಕುವಿನಿಂದ ಸುಕ್ಕುಗಳನ್ನೆಲ್ಲ ನೇವರಿಸಿ ಅಳಿಸಿದಳು. ಕೆನ್ನೆ ತುಂಬಿದಳು, ಗಲ್ಲಕ್ಕೆ ಕುರುಚಲು ಗಡ್ಡ ನೆಟ್ಟಳು. ಮುಗಿಸಿ ದೂರ ಹಿಡಿದು ನೋಡಿದರೆ, ತನ್ನ ಹೊಟ್ಟೆಯಲ್ಲಿ ಹುಟ್ಟಬಹುದಾಗಿದ್ದ ಇನ್ನೊಬ್ಬ ಮಗನಂತೆ ಅದು ಅವಳನ್ನು ನೋಡಿತು.

ಪ್ಲೇಗಿನ ಭಯಕ್ಕೆ ಇಗರ್ಜಿ ಖಾಲಿಯಿತ್ತು. ಫ್ರಾ ಅಮಿದೇಯೊ ಏಣಿ ಹಿಡಿದುಕೊಂಡ. ಮೇಯಾ ಹೆಣದ ಮುಖವನ್ನು ಬಿಡಿಸಿ ಬುಟ್ಟಿಗೆ ಹಾಕಿ, ಹೊಸದನ್ನು ಬೆಸೆದಳು. ಮೂಗಿನ ಕೆಳಗೆ ಸೂಜಿಯಿಂದ ಎರಡು ತೂತನ್ನೂ ಚುಚ್ಚಿದಳು. ಅಂಗಿಯನ್ನು ತಿರುಗಿಸಿ ಕೆಂಪು ಹೊರಗೆ ಬರುವಂತೆ ತೊಡಿಸಿದಳು.

"ಇವನ್ಯಾರು ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದ ಸನ್ಯಾಸಿ ಕೆಳಗಿನಿಂದ.

"ಮೇಯಾ ಮಗ ಅನ್ನಿ."

"ನಿನ್ನ ಹಾಗೇ ಇದ್ದಾನಲ್ಲ, ಮೇಯಾ," ಎನ್ನುತ್ತ ಅವನು ಗೊಂಬೆಯಿಂದ ಕಣ್ಣಿಳಿಸಿ, ಏಣಿಯಿಂದ ಇಳಿದು ಬಂದವಳನ್ನು ನೋಡಿದ. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಏಣಿಯಿಂದ ಕೈ ತೆಗೆದ. ಮೇಯಾ ಬುಟ್ಟಿ ಎತ್ತಿಕೊಂಡು ಹೊರಟಳು.

ಮನೆಯ ಬಾಗಿಲು ತೆರೆಯುವ ಮೊದಲೇ ಕೆಮ್ಮು ಕೇಳಿಸಿತು. ಬಾಲ್ದೊ ಅಂಗಡಿಯ ನಡುವೆ ನಿಂತು ಮೂಗಿನಿಂದ ಉಸಿರೆಳೆಯುತ್ತಿದ್ದ, ಬಿಡುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. "ಮೇಣದ ವಾಸನೆ ಅಮ್ಮ. ಮೂಲೇಲಿ ಇಲಿ ಸತ್ತಿದೆ. ತೆಸ್ಸಾ ಸಾರಿಗೆ ಈರುಳ್ಳಿ ಹಾಕ್ತಿದ್ದಾಳೆ," ಎಂದು ನಗುತ್ತ ಬಾಗಿಲ ಕಡೆ ತಿರುಗಿದ. ನಗು ಅಲ್ಲೇ ನಿಂತಿತು.

ಅವನು ಬಾಗಿಲಲ್ಲಿದ್ದವಳನ್ನು ನೋಡುತ್ತಲೇ ಇದ್ದ.

"ಅಮ್ಮ?"

"ನಾನೇ ಕಣೋ."

"ಇನ್ನೊಂದು ಸ್ವಲ್ಪ ಮಾತಾಡು."

ಮೇಯಾಳಿಗೆ ಅರ್ಥವಾಯಿತು. ಅವಳು ಬಟ್ಟೆ ಗಂಟು ಕಟ್ಟುತ್ತ ಒಂದೇ ಸಮನೆ ಮಾತಾಡಿದಳು. ದ್ರಾಕ್ಷಿ ಗಾಡಿಗಳ ಜೊತೆ ಊರಬಾಗಿಲು ದಾಟು, ಬೆಟ್ಟದ ಆಚೆ ಹೋಗು, ಯಾರಾದರೂ ಕೇಳಿದರೆ ತಾಯಿಯ ಹೋಲಿಕೆ ಅನ್ನು, ಒದೆಯೋ ಕುದುರೆ ಹತ್ತಿರ ಹೋಗಬೇಡ. ಬಾಲ್ದೊ ಕಣ್ಣು ಮುಚ್ಚಿಕೊಂಡು ಅವಳ ಧ್ವನಿ ಕೇಳುತ್ತ ಕೂತಿದ್ದ. ಬೀಳ್ಕೊಡುವಾಗ ಅವಳ ಕೈಗೆ ಮುತ್ತಿಟ್ಟು, ಅದನ್ನು ತನ್ನ ಬೆಚ್ಚನೆಯ ಕೆನ್ನೆಗೆ ಒತ್ತಿಕೊಂಡ. ಆ ಕೆನ್ನೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಮೇಯಾಳ ಕೈಗೆ ಮೊದಲೇ ಗೊತ್ತಿತ್ತು. ಕಿಟಕಿಯಲ್ಲಿ ನಿಂತು, ಗಾಡಿಗಳ ನಡುವೆ ಅವನು ಮರೆಯಾಗುವವರೆಗೆ ನೋಡಿದಳು. ಗಾಡಿಯ ಕುದುರೆಯೊಂದು ಕತ್ತು ಚಾಚಿ ಅವನ ಭುಜಕ್ಕೆ ಮೂತಿ ಉಜ್ಜಿತು.

ಬೆಳಿಗ್ಗೆ ತೆಸ್ಸಾ ಸಾರಿನ ಬಟ್ಟಲು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

"ಯಾರಮ್ಮ ನೀವು? ಮೇಯಾ ಎಲ್ಲಿ?"

"ಮಗನ ಜೊತೆ ಹೋದ್ಲು."

"ಬಾಲ್ದೊ ಬದುಕಿದ್ದಾನಾ?" ತೆಸ್ಸಾ ಎದೆ ಹಿಡಿದುಕೊಂಡಳು. "ದೇವರೇ, ನನಗೊಂದು ಮಾತು ಹೇಳದೆ ಹೋದ್ಲಾ ಕಳ್ಳಿ. ನೀವು ಅವಳ ಕಡೆಯೋರಾ? ಮುಖ ಆ ಪ್ರಾತೊ ಹುಡುಗನ ಹಾಗೇ ಇದೆ. ಗಂಟಲು ಥೇಟ್ ಅವಳ್ದೇ." ಎಂದವಳು ಹತ್ತಿರ ಬಂದು ದಿಟ್ಟಿಸಿ, ಮತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. "ಮೈ ಹುಷಾರಿಲ್ವಾ ನಿಮಗೆ? ಕಣ್ಣೇ ತೆಗೆಯೋಕಾಗ್ತಿಲ್ಲ. ಒಳಗೆ ಹೋಗಿ ಮಲಗಿ. ಬಟ್ಟಲು ಇಲ್ಲೇ ಇಟ್ಟಿರ್ತೀನಿ. ಬಿಸಿ ಇರುವಾಗ್ಲೇ ಕುಡೀರಿ. ಮೇಯಾ ಬಂದ್ರೆ ಬಟ್ಟಲು ವಾಪಸ್ ಕೊಡೋಕೆ ಹೇಳಿ, ಅವಳಿಗೆ ಆ ಬುದ್ಧಿನೇ ಇಲ್ಲ."

ಮೇಯಾ ಬಟ್ಟಲನ್ನು ಮುಖದ ಹತ್ತಿರ ತಂದುಕೊಂಡಳು. ಹಬೆ ತಾಗಿತು, ಈರುಳ್ಳಿಯ ವಾಸನೆ ಬರಲಿಲ್ಲ. ತೆಸ್ಸಾ ಇಷ್ಟು ವರ್ಷ ಹುಡುಕಿ ಹುಡುಕಿ ಸಿಗದ ಹೋಲಿಕೆ ಈಗ ಬೆಟ್ಟದ ಆಚೆ ಯಾವುದೋ ಲಾಯದಲ್ಲಿ ಹುಲ್ಲಿನ ವಾಸನೆ ಹೀರುತ್ತಿರಬಹುದು ಎಂದು ನೆನೆದು ಅವಳಿಗೆ ನಗು ಬಂತು. ಸಾರನ್ನು ಪೂರ್ತಿ ಕುಡಿದಳು. ಬಟ್ಟಲು ತೊಳೆದು, ಒರೆಸಿ, ತೆಸ್ಸಾಳಿಗೆ ಕಾಣುವ ಹಾಗೆ ಹೊಸ್ತಿಲ ಮೇಲೆ ಬೋರಲಾಗಿಟ್ಟಳು.